ಬಳ್ಳಾರಿ ಬಿಸಿಲಿಗೆ ಅಂಜೂರ: ಮನೆಯಂಗಳದಲ್ಲಿ ಬೆಳೆಸುವುದು, ಆರೇಳು ಅಡಿಯಲ್ಲೇ ನಿಲ್ಲಿಸುವುದು

ಅಂಗಳದಲ್ಲಿ ನೆಟ್ಟ ಅಂಜೂರ ನಾಲ್ಕೈದು ವರ್ಷಕ್ಕೆ ಮಾಳಿಗೆ ಮುಟ್ಟುತ್ತದೆ. ಹಣ್ಣು ತುದಿಯಲ್ಲಿ, ಕೈ ಕೆಳಗೆ. ಗಿಳಿ, ಅಳಿಲು, ಬಾವಲಿ ತಿಂದು ಮಿಕ್ಕಿದ್ದು ನೆಲಕ್ಕೆ ಬಿದ್ದು ಇರುವೆ ಪಾಲು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಅಂಜೂರದ ಸ್ಥಿತಿ ಇದೇ. ಹಣ್ಣು ಬಿಡುವ ಕೊಂಬೆಗೆ ಕತ್ತರಿ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಅದೇ ಇದಕ್ಕೆ ಕಾರಣ.

ಅಂಜೂರದ ಮಟ್ಟಿಗೆ ಈ ಅಳುಕು ಬೇಕಿಲ್ಲ. ನಮ್ಮಲ್ಲಿ ಬೆಳೆಯುವ ತಳಿಗಳ ಮುಖ್ಯ ಫಸಲು ಬರುವುದು ಆ ವರ್ಷ ಹೊಸದಾಗಿ ಚಿಗುರಿದ ರೆಂಬೆಯ ಮೇಲೆ, ಎಲೆಯ ಕಂಕುಳಲ್ಲಿ. ಹಳೆ ರೆಂಬೆಯ ಕೆಲಸ ಹೊಸ ಚಿಗುರನ್ನು ಹೊರಡಿಸುವುದಷ್ಟೇ. ಹಾಗಾಗಿ ಪ್ರತಿ ವರ್ಷ ಕತ್ತರಿಸಿದರೆ ಹಣ್ಣು ಕಡಿಮೆಯಾಗುವುದಿಲ್ಲ, ಕತ್ತರಿಸದೆ ಬಿಟ್ಟರೇ ಕಡಿಮೆಯಾಗುತ್ತದೆ. ಮುಂದೆ ಹೇಳುವುದಕ್ಕೆಲ್ಲ ಇದೇ ಆಧಾರ.

ಇದೇ ಜಾಗದಲ್ಲಿ ಪೀಚ್ ನೆಡಬೇಕೆಂದು ಆನ್‌ಲೈನ್‌ನಲ್ಲಿ ಸಸಿ ತರಿಸುವವರಿದ್ದಾರೆ. ಪೀಚ್ ಗಿಡ ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣತೆ ನೂರಾರು ಗಂಟೆ ಸಿಗಬೇಕು. ನಮ್ಮ ಡಿಸೆಂಬರ್ ರಾತ್ರಿಗಳು ಅಷ್ಟು ತಂಪಾಗುವುದಿಲ್ಲ. ಗಿಡ ಎಲೆ ಬಿಟ್ಟುಕೊಂಡು ನಿಂತಿರುತ್ತದೆ, ಕಾಯಿ ಕಾಣುವುದಿಲ್ಲ. ಅದರ ಹಣ್ಣು ಬರುವುದೂ ಹಿಂದಿನ ವರ್ಷದ ರೆಂಬೆಯ ಮೇಲೆ. ಆದ್ದರಿಂದ ಪೀಚ್ ಸವರುವ, ಅಂದರೆ ಕೊಂಬೆ ಕತ್ತರಿಸುವ, ಪುಸ್ತಕದ ಪಾಠವನ್ನು ಅಂಜೂರಕ್ಕೆ ಹಚ್ಚಬೇಡಿ.

ತಳಿ ಮತ್ತು ಸಸಿ

‘ಬಳ್ಳಾರಿ’ ಎಂಬ ಹೆಸರಿನ ತಳಿಯೇ ಇದೆ. ಅದರ ಜೊತೆಗೆ ಪೂನಾ, ದಿನಕರ, ದಪ್ಪ ಹಣ್ಣಿನ ಡಯಾನಾ ತಳಿಗಳು ನರ್ಸರಿಗಳಲ್ಲಿ ಸಿಗುತ್ತವೆ. ಇವಕ್ಕೆ ಪರಾಗಸ್ಪರ್ಶ ಬೇಕಿಲ್ಲ, ಒಂದೇ ಗಿಡವಿದ್ದರೂ ಕಾಯಿ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಡ್ಡಿಯಿಂದ ಅಥವಾ ಗೂಟಿಯಿಂದ (ಗಿಡದಲ್ಲಿರುವ ಕೊಂಬೆಗೇ ಬೇರು ಬರಿಸಿ) ಮಾಡಿದ ಸಸಿಯೋ, ಬೀಜದ ಸಸಿಯೋ? ಬೀಜದಿಂದ ಬಂದ ಗಿಡ ತಾಯಿಯಂತಿರುವುದಿಲ್ಲ. ಕೆಲವು ಗಂಡು ಗಿಡಗಳಾಗಿ ತಿನ್ನಲು ಬಾರದ ಕಾಯಿ ಬಿಡುತ್ತವೆ, ಇನ್ನು ಕೆಲವಕ್ಕೆ ಒಂದು ಬಗೆಯ ಸಣ್ಣ ಕಣಜ ಒಳಹೊಕ್ಕು ಪರಾಗ ಮುಟ್ಟಿಸದಿದ್ದರೆ ಕಾಯಿ ಬೋರೆಹಣ್ಣಿನ ಗಾತ್ರಕ್ಕೆ ಬಂದು ಉದುರಿಹೋಗುತ್ತದೆ. ನೀರು, ಗೊಬ್ಬರ ಸರಿಯಿದ್ದೂ ಮೂರು ವರ್ಷ ಒಂದೇ ಸಮ ಎಲ್ಲ ಕಾಯಿಯೂ ಉದುರಿದರೆ ಗಿಡವೇ ಅಂಥದ್ದು ಎಂದು ತಿಳಿದು ಬದಲಿಸಿ.

ಗೊತ್ತಿರುವವರ ಮನೆಯಲ್ಲಿ ಒಳ್ಳೆಯ ಗಿಡವಿದ್ದರೆ ಸಸಿ ಕೊಳ್ಳಲೇಬೇಕಿಲ್ಲ. ಅಕ್ಟೋಬರಿನಲ್ಲಿ ಸವರುವಾಗ ಬಲಿತ, ಒಂದು ವರ್ಷದ, ಪೆನ್ಸಿಲಿಗಿಂತ ತುಸು ದಪ್ಪನೆಯ ಕಡ್ಡಿ ಆರಿಸಿಕೊಳ್ಳಿ. ಉದ್ದ 8ರಿಂದ 10 ಇಂಚು, ನಾಲ್ಕು ಕಣ್ಣು (ಚಿಗುರು ಹೊರಡುವ ಮೊಗ್ಗು). ಕೆಳಗಿನ ಕಡಿತ ಗಿಣ್ಣಿನ ಕೆಳಗೇ ಇರಲಿ, ಮೇಲಿನದು ಕಣ್ಣಿಗಿಂತ ಅರ್ಧ ಇಂಚು ಮೇಲೆ. ಹಾಲು ಸೋರುವುದು ನಿಲ್ಲುವವರೆಗೆ ಹತ್ತು–ಹದಿನೈದು ನಿಮಿಷ ನೀರಿನಲ್ಲಿಟ್ಟು, ಕೆಂಪು ಮಣ್ಣು ಮತ್ತು ದಪ್ಪ ಮರಳು ಸಮಸಮ ಬೆರೆಸಿದ ಚೀಲದಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಹೋಗುವಂತೆ ಊರಿ ನೆರಳಲ್ಲಿಡಿ. ಗೊಬ್ಬರ ಹಾಕಬೇಡಿ, ಕಡ್ಡಿ ಕೊಳೆಯುತ್ತದೆ. ಎಷ್ಟೋ ಸಲ ಬೇರಿಗಿಂತ ಮೊದಲು ಎಲೆ ಬರುತ್ತದೆ. ಎಲೆ ಕಂಡಿತೆಂದು ಎಳೆದು ನೋಡಿದರೆ ಆಗಷ್ಟೇ ಹೊರಟ ಬೇರು ಮುರಿಯುತ್ತದೆ. ಎರಡು ತಿಂಗಳು ಮುಟ್ಟದೆ ಬಿಟ್ಟು, ಮುಂದಿನ ಮಳೆಗಾಲದಲ್ಲಿ ನೆಲಕ್ಕೆ ಇಳಿಸಿ.

ಜಾಗ ಮತ್ತು ಗುಂಡಿ

ದಿನಕ್ಕೆ ಆರೇಳು ತಾಸು ಬಿಸಿಲು ಬೀಳುವ ಜಾಗ ಬೇಕು. ಆದರೆ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ಬಡಿಯುವ ಪಶ್ಚಿಮದ ಗೋಡೆಗೆ ಆತು ನೆಡಬೇಡಿ. ಏಪ್ರಿಲಿನಲ್ಲಿ ಆ ಗೋಡೆ ರಾತ್ರಿ ಎಂಟರವರೆಗೂ ಶಾಖ ಉಗುಳುತ್ತಿರುತ್ತದೆ, ಕಾಯಿ ಹಣ್ಣಾಗುವ ಬದಲು ಒಣಗಿ ಚರ್ಮದಂತಾಗುತ್ತದೆ. ಅಂಜೂರದ ಬೇರು ನೀರನ್ನು ಹುಡುಕಿಕೊಂಡು ದೂರ ಹೋಗುವ ಬೇರು. ಆಲ, ಅತ್ತಿಗಳ ಕುಲವೇ ಇದು. ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಒಳಚರಂಡಿ ಪೈಪಿನಿಂದ ಕನಿಷ್ಠ 10 ಅಡಿ, ಮನೆಯ ಅಡಿಪಾಯದಿಂದ 6 ಅಡಿ ದೂರವಿರಲಿ. ಎರಡು ಗಿಡಗಳ ನಡುವೆ ತೋಟದಲ್ಲಾದರೆ 5 ಮೀಟರ್ ಬಿಡುತ್ತಾರೆ, ಪ್ರತಿ ವರ್ಷ ಸವರುವವರಿಗೆ 9–10 ಅಡಿ ಸಾಕು.

ಟೊಮ್ಯಾಟೊ, ಬದನೆ, ಬೆಂಡೆ ಬೆಳೆದ ಮಡಿ ಬೇಡ. ಬೇರುಗಂಟು ಮಾಡುವ ಜಂತುಹುಳು ಅಲ್ಲಿ ಮನೆ ಮಾಡಿರುತ್ತದೆ, ಅಂಜೂರಕ್ಕೆ ಅದೇ ದೊಡ್ಡ ಶತ್ರು.

ಸಂಡೂರು, ಕುಷ್ಟಗಿ ಕಡೆಯಂಥ ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ಕೆಲಸ ಸುಲಭ. ಏಪ್ರಿಲಿನಲ್ಲಿ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ತಿಂಗಳು ಬಿಸಿಲಿಗೆ ಬಿಡಿ. ಜುಲೈನಲ್ಲಿ ಮೇಲ್ಮಣ್ಣು, ಒಂದು ದೊಡ್ಡ ಬುಟ್ಟಿ (ಸುಮಾರು 15 ಕೆ.ಜಿ.) ಕಳಿತ ತಿಪ್ಪೆಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ, ನೀರು ಬಿಟ್ಟು ಇಳಿಸಿ, ವಾರ ಕಳೆದು ನೆಡಿ.

ಸಿರುಗುಪ್ಪ, ಸಿಂಧನೂರು ಕಡೆಯಂಥ ಎರೆ (ಕಪ್ಪು) ಮಣ್ಣಿನಲ್ಲಿ ಗುಂಡಿಯೇ ತೊಂದರೆ. ಎರೆಯಲ್ಲಿ ಗುಂಡಿ ತೋಡಿ ಮರಳು, ಕೆಂಪು ಮಣ್ಣು ತುಂಬಿಸಿದರೆ ಸುತ್ತಲಿನ ಮಣ್ಣು ನೀರು ಇಂಗಗೊಡದೆ, ಮಳೆ ನೀರೆಲ್ಲ ಬಂದು ಆ ಗುಂಡಿಯಲ್ಲೇ ನಿಲ್ಲುತ್ತದೆ. ಗಿಡ ಬಾವಿಯಲ್ಲಿ ನಿಂತ ಹಾಗೆ. ಬೇರು ಕೊಳೆತು ಎಲೆ ಹಳದಿಯಾದರೆ, ನೀರು ಸಾಲದೆಂದು ಮನೆಯವರು ಇನ್ನಷ್ಟು ನೀರು ಬಿಡುತ್ತಾರೆ. ಎರೆಯಲ್ಲಿ ನೆಲದ ಮೇಲೆಯೇ 4–5 ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ, ಅದರಲ್ಲಿ ಗೊಬ್ಬರ, ಹಿಂಡಿ ಬೆರೆಸಿ ನೆಡಿ. ಅಂಜೂರ ಸುಣ್ಣದಂಶದ ಮಣ್ಣನ್ನೂ ಸ್ವಲ್ಪ ಉಪ್ಪಿನ ಬೋರ್ ನೀರನ್ನೂ ತಡೆದುಕೊಳ್ಳುತ್ತದೆ. ನಿಂತ ನೀರನ್ನು ಮಾತ್ರ ತಡೆಯುವುದಿಲ್ಲ.

ಎತ್ತರದ ಲೆಕ್ಕ

ಮೊದಲು ಬೇಕಾದ ಎತ್ತರವನ್ನು ಗೊತ್ತುಮಾಡಿ. ನಿಂತು ಕೈ ಚಾಚಿದರೆ ಸಿಗುವುದು ಆರೇಳು ಅಡಿ ಎನ್ನೋಣ. ಸವರಿದ ಮೇಲೆ ಒಂದು ಹಂಗಾಮಿನಲ್ಲಿ ಹೊಸ ಚಿಗುರು ಮೂರರಿಂದ ನಾಲ್ಕು ಅಡಿ ಬೆಳೆಯುತ್ತದೆ. ಏಳರಲ್ಲಿ ನಾಲ್ಕು ಕಳೆದರೆ ಮೂರು. ಅಂದರೆ ಪ್ರತಿ ಅಕ್ಟೋಬರಿನಲ್ಲಿ ಗಿಡ ಮೂರು ಅಡಿಗೆ ಇಳಿಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಏಳಡಿ ಬೇಕೆಂದು ಏಳಡಿಗೇ ಕತ್ತರಿಸುತ್ತಾರೆ, ಚಿಗುರು ಅಲ್ಲಿಂದ ಹೊರಟು ಜನವರಿಗೆ ಹತ್ತಡಿ ದಾಟುತ್ತದೆ.

ನೆಡುವ ದಿನವೇ ಮೊದಲ ಕಡಿತ. ಒಂಟಿ ಕಡ್ಡಿಯಾಗಿ ಬೆಳೆದ ಸಸಿಯನ್ನು ನೆಲದಿಂದ 2 ಅಡಿಗೆ ಕತ್ತರಿಸಿ. ಮೂರಡಿಯ ಸಸಿಗೆ ದುಡ್ಡು ಕೊಟ್ಟು ತಂದು ಒಂದಡಿ ಕತ್ತರಿಸುವುದು ಕಷ್ಟವೆನಿಸುತ್ತದೆ, ಆದರೆ ಗಿಡದ ಮುಂದಿನ ರೂಪವೆಲ್ಲ ಈ ಕಡಿತದ ಮೇಲೆ ನಿಂತಿದೆ. ಕೆಳಗಿನ ಕಣ್ಣುಗಳಿಂದ ಹೊರಡುವ ಚಿಗುರುಗಳಲ್ಲಿ ಮೂರು ಅಥವಾ ನಾಲ್ಕನ್ನು ಉಳಿಸಿ. ಅವು ಬೇರೆ ಬೇರೆ ದಿಕ್ಕಿಗಿರಲಿ, ಒಂದೇ ಗಿಣ್ಣಿನ ಸುತ್ತ ಗುಂಪಾಗಿರದೆ ಮೂರ್ನಾಲ್ಕು ಇಂಚು ಅಂತರದಲ್ಲಿರಲಿ. ಒಂದೇ ಜಾಗದಿಂದ ಹೊರಟ ಕೊಂಬೆಗಳು ದಪ್ಪವಾದ ಮೇಲೆ ಸೀಳಿಕೊಂಡು ಬೀಳುತ್ತವೆ. ಉಳಿದ ಚಿಗುರು ಎಳೆಯದಿರುವಾಗಲೇ ಬೆರಳಲ್ಲಿ ಉಜ್ಜಿ ತೆಗೆಯಿರಿ. ಬುಡದಿಂದ ಏಳುವ ಮರಿಗಳನ್ನೂ ಬಿಡಬೇಡಿ.

ಮೊದಲ ಅಕ್ಟೋಬರಿನಲ್ಲಿ ಈ ಕೊಂಬೆಗಳನ್ನು ಒಂದಡಿಗೆ ಕತ್ತರಿಸಿ. ಕೊನೆಯ ಕಣ್ಣು ಗಿಡದ ಹೊರಮುಖಕ್ಕಿರಬೇಕು. ಕಣ್ಣು ಯಾವ ಕಡೆಗೋ ಚಿಗುರು ಆ ಕಡೆಗೆ, ಒಳಗಿನ ಕಣ್ಣಿಗೆ ಕತ್ತರಿಸಿದರೆ ಗಿಡದ ನಡುವೆ ಕತ್ತಲಾಗುತ್ತದೆ. ಪ್ರತಿ ಕೊಂಬೆಯಿಂದ ಎರಡೆರಡು ಚಿಗುರು ಬಿಟ್ಟರೆ ಆರರಿಂದ ಎಂಟು ತೋಳುಗಳಾಗುತ್ತವೆ. ಗಿಡ ಅರಳಿದ ಛತ್ರಿಯನ್ನು ತಿರುವಿಟ್ಟ ಹಾಗೆ ನಡು ಖಾಲಿಯಿಟ್ಟುಕೊಂಡು ಬೆಳೆಯುತ್ತದೆ. ಆ ವರ್ಷ ನಾಲ್ಕಾರು ಕಾಯಿ ಬಂದರೂ ಕಿತ್ತುಹಾಕುವುದು ಒಳ್ಳೆಯದು.

ಎರಡನೆಯ ಅಕ್ಟೋಬರಿನಿಂದ ಕೆಲಸ ಪ್ರತಿ ವರ್ಷ ಒಂದೇ. ಆ ವರ್ಷ ಬೆಳೆದ ಒಂದೊಂದು ರೆಂಬೆಯನ್ನೂ ಬುಡದಲ್ಲಿ ಎರಡು ಅಥವಾ ಮೂರು ಕಣ್ಣಿನ ಮೋಟು ಬಿಟ್ಟು ಕತ್ತರಿಸಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನೆಟ್ಟಗೆ ನಡುವಿನಲ್ಲಿ ನುಗ್ಗಿದ್ದು ಪೂರ್ತಿ ಹೋಗಲಿ. ಕತ್ತರಿಸಿ ಮುಗಿಸಿದಾಗ ಗಿಡ ಬೋಳು ಗೂಟದಂತೆ ಕಾಣುತ್ತದೆ, ನೆರೆಯವರು ಗಿಡ ಕೊಂದಿರೆನ್ನುತ್ತಾರೆ. ಮೂರು ವಾರ ತಾಳಿ.

ಅಕ್ಟೋಬರೇ ಏಕೆ?

ನಮ್ಮ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರ್ ಮೊದಲ ಪಾಲಿನಲ್ಲಿ. ಆ ಹೊತ್ತಿಗೆ ಎಲೆಗಳಿಗೆಲ್ಲ ತುಕ್ಕು ರೋಗ ಹತ್ತಿರುತ್ತದೆ. ಮಳೆ ಹಿಂದಾದ ಮೇಲೆ ಸವರಿದರೆ ರೋಗದ ಎಲೆಯೂ ಹೋಗುತ್ತದೆ, ಹೊಸ ಎಲೆ ಒಣ ಹವೆಯಲ್ಲಿ ಬರುತ್ತದೆ. ಮಹಾನವಮಿ ಮುಗಿದ ಮೇಲೆ, ದೀಪಾವಳಿಯೊಳಗೆ ಎಂದಿಟ್ಟುಕೊಳ್ಳಿ.

ಇನ್ನೊಂದು ಲೆಕ್ಕ ಹಣ್ಣಿನದು. ಸವರಿದ ನಾಲ್ಕರಿಂದ ಐದು ತಿಂಗಳಿಗೆ ಹಣ್ಣು. ಅಕ್ಟೋಬರ್ ನಡುವೆ ಸವರಿದರೆ ಫೆಬ್ರವರಿ ಕೊನೆಯಿಂದ ಹಣ್ಣು ಬಂದು, ಏಪ್ರಿಲಿನ 40 ಡಿಗ್ರಿ ಬಿಸಿಲು ಏರುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಡಿಸೆಂಬರಿಗೆ ತಳ್ಳಿದರೆ ಹಣ್ಣು ಮೇ ತಿಂಗಳಿಗೆ ಹೋಗುತ್ತದೆ. ಬಿಸಿಲು 39 ಡಿಗ್ರಿ ದಾಟಿದರೆ ನೀರು ಎಷ್ಟಿದ್ದರೂ ಕಾಯಿ ಬಲಿಯುವ ಮೊದಲೇ ಬಣ್ಣ ಬಂದು, ರಸವಿಲ್ಲದೆ ಗಟ್ಟಿಯಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಕೊಂಬೆ ಕಡಿಯುವ ಯೋಚನೆಯೇ ಬೇಡ. ನೆರಳು ಹೋದ ತೊಗಟೆ ಬಿಸಿಲಿಗೆ ಬೆಂದು ಸೀಳುತ್ತದೆ, ಸೀಳಿದಲ್ಲಿ ಕಾಂಡ ಕೊರಕ ಮೊಟ್ಟೆ ಇಡುತ್ತದೆ.

ಕತ್ತರಿಸುವ ದಿನ

ಮಳೆ ಇಲ್ಲದಿದ್ದರೆ ಎರಡು ವಾರ ಮೊದಲೇ ನೀರು ನಿಲ್ಲಿಸಿ. ಹರಿತವಾದ ಕತ್ತರಿ ಬೇಕು, ಒಂದು ಇಂಚಿಗಿಂತ ದಪ್ಪದ ಕೊಂಬೆಗೆ ಗರಗಸ. ಕೈಗವಸು, ಪೂರ್ತಿ ತೋಳಿನ ಅಂಗಿ ಕಡ್ಡಾಯ. ಅಂಜೂರದ ಹಾಲು ಚರ್ಮಕ್ಕೆ ತಗುಲಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಣ್ಣಿಗಂತೂ ಬೀಳಲೇಬಾರದು. ಮಕ್ಕಳನ್ನು ದೂರವಿಟ್ಟು ಸಂಜೆ ಹೊತ್ತು ಮಾಡಿ.

ಕಡಿತ ಕಣ್ಣಿಗಿಂತ ಅರ್ಧ ಇಂಚು ಮೇಲೆ, ನೀರು ಕಣ್ಣಿನ ಕಡೆಗೆ ಇಳಿಯದಂತೆ ಓರೆಯಾಗಿರಲಿ. ಎರಡು ಇಂಚು ಮೋಟು ಬಿಟ್ಟರೆ ಅದು ಒಣಗುತ್ತ ಕೆಳಗಿಳಿದು ಕಣ್ಣನ್ನೂ ಒಣಗಿಸುತ್ತದೆ. ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಬೇಡ. ಆ ದಿನವೇ ಬಳಸಿ ಮುಗಿಸಿ. ಬೋಳಾದ ಗಿಡದ ಮೇಲೆಲ್ಲ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಸಿಂಪಡಿಸಿ, ಕಾಂಡ ಮತ್ತು ದಪ್ಪ ತೋಳುಗಳಿಗೆ ಸುಣ್ಣ ಬಳಿಯಿರಿ. ಬಿದ್ದ ಎಲೆಯನ್ನು ಬುಡದಲ್ಲಿ ಮುಚ್ಚಿಗೆಗೆ ಬಳಸದೆ ಹೊರಗೆ ಹಾಕಿ, ತುಕ್ಕಿನ ಪುಡಿ ಇರುವುದು ಅದರಲ್ಲೇ.

ಮರುದಿನ ಬುಡದಿಂದ ಒಂದೂವರೆ ಅಡಿ ಬಿಟ್ಟು ಸುತ್ತ ಮೂರು ಇಂಚು ಆಳ ಕೆದಕಿ, 15–20 ಕೆ.ಜಿ. ತಿಪ್ಪೆಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ ಹಾಕಿ ಮಣ್ಣು ಮುಚ್ಚಿ ನೀರು ಕೊಡಿ. ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ಗಿಣ್ಣುಗಳ ನಡುವೆ ಗೇಣು ಗೇಣು ಅಂತರ ಬಿಟ್ಟು ಚಿಗುರು ಮೇಲೋಡುತ್ತದೆ, ಕಾಯಿ ವಿರಳವಾಗುತ್ತದೆ. ಬಚ್ಚಲ ನೀರು ದಿನಾ ಹರಿಯುವ ಗಿಡದಲ್ಲೂ ಹೀಗೆಯೇ: ಎಲೆ ಅಂಗೈಯ ಎರಡರಷ್ಟು ದೊಡ್ಡದು, ಹಣ್ಣು ಸಪ್ಪೆ.

ಚಿಗುರು ಆರಿಸುವುದು, ತುದಿ ಚಿವುಟುವುದು

ಚಿಗುರು ನಾಲ್ಕೈದು ಇಂಚು ಬಂದಾಗ ಒಂದೊಂದು ಮೋಟಿಗೆ ಒಂದು, ಹೆಚ್ಚೆಂದರೆ ಎರಡು ಬಿಟ್ಟು ಉಳಿದದ್ದನ್ನು ಮುರಿಯಿರಿ. ಇಡೀ ಗಿಡಕ್ಕೆ ಹನ್ನೆರಡರಿಂದ ಹದಿನಾರು ಗಟ್ಟಿ ಚಿಗುರು ಸಾಕು. ಎಲ್ಲವನ್ನೂ ಬಿಟ್ಟರೆ ಒಂದಕ್ಕೊಂದು ನೆರಳಾಗಿ, ಬೆಳಕಿಗಾಗಿ ಪೈಪೋಟಿಯಲ್ಲಿ ಎಲ್ಲವೂ ಉದ್ದವಾಗುತ್ತವೆ.

ಡಿಸೆಂಬರ್ ಕೊನೆಗೆ ಚಿಗುರಿನಲ್ಲಿ ಹನ್ನೆರಡರಷ್ಟು ಎಲೆ ಕಂಡಾಗ ತುದಿಯ ಮೊನೆಯನ್ನು ಉಗುರಿನಿಂದ ಚಿವುಟಿಬಿಡಿ. ಕೆಳಗಿನ ಕಾಯಿ ಮೊದಲು, ಮೇಲಿನದು ಕೊನೆಗೆ ಹಣ್ಣಾಗುವುದು ಅಂಜೂರದ ಕ್ರಮ. ತುದಿ ಬೆಳೆಯುತ್ತಲೇ ಹೋದರೆ ಮೇಲೆ ಹುಟ್ಟುವ ಕಾಯಿಗಳೆಲ್ಲ ಮೇ ಬಿಸಿಲಿಗೆ ಸಿಕ್ಕಿ ಹಾಳು. ಚಿವುಟಿದರೆ ಎತ್ತರವೂ ನಿಲ್ಲುತ್ತದೆ, ಕೆಳಗಿನ ಕಾಯಿಗೂ ಬಲ ಬರುತ್ತದೆ. ಅಕ್ಕಪಕ್ಕದಿಂದ ಮತ್ತೆ ಚಿಗುರಿದರೆ ಅದನ್ನೂ ತೆಗೆಯಿರಿ.

ನೀರು

ಹೊಸ ಗಿಡಕ್ಕೆ ಮೂರು ದಿನಕ್ಕೊಮ್ಮೆ 5 ಲೀಟರ್, ಬೇಸಿಗೆಯಲ್ಲಿ ದಿನ ಬಿಟ್ಟು ದಿನ 10 ಲೀಟರ್. ಮೂರು ವರ್ಷ ದಾಟಿದ, ಸವರಿ ಇಟ್ಟ ಗಿಡಕ್ಕೆ ನವೆಂಬರ್–ಜನವರಿಯಲ್ಲಿ ವಾರಕ್ಕೆರಡು ಸಲ 20–25 ಲೀಟರ್, ಫೆಬ್ರವರಿಯಿಂದ ದಿನ ಬಿಟ್ಟು ದಿನ 25–30 ಲೀಟರ್. ಇದು ಮಸಾರಿಯ ಲೆಕ್ಕ. ಎರೆಯಲ್ಲಿ ಅಂತರ ದುಪ್ಪಟ್ಟು ಮಾಡಿ, ಬೆರಳು ಎರಡು ಗಿಣ್ಣು ಮಣ್ಣಿನೊಳಗೆ ಇಳಿಸಿ ನೋಡಿಯೇ ಕೊಡಿ. ಕಾಯಿ ಊದುವ ಹೊತ್ತಿಗೆ ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಲೇ ಪಾತಿ ತುಂಬಿಸಿದರೆ ಹಣ್ಣು ಬಾಯಿ ಬಿಡುತ್ತದೆ, ಬಿರುಕಿಗೆ ಹುಳಿ ವಾಸನೆ, ಸಣ್ಣ ದುಂಬಿ ಸೇರುತ್ತವೆ. ಗಂಗಾವತಿ, ಸಿರುಗುಪ್ಪ ಕಡೆಯವರಿಗೆ ಭತ್ತದ ಹುಲ್ಲಿಗೆ ಬರವಿಲ್ಲ. ಬುಡದಿಂದ ಗೇಣು ಬಿಟ್ಟು ನಾಲ್ಕು ಇಂಚು ದಪ್ಪಕ್ಕೆ ಹರಡಿದರೆ ಬೇಸಿಗೆಯ ನೀರಿನಲ್ಲಿ ಗಣನೀಯ ಉಳಿತಾಯ.

ಏನು ಕೆಡುತ್ತದೆ

ಎಲೆಯ ಅಡಿಭಾಗದಲ್ಲಿ ಉಬ್ಬಿದ ಕಂದು ಚುಕ್ಕಿ, ಬೆರಳಿಗೆ ಹತ್ತುವ ಪುಡಿ — ತುಕ್ಕು. ಸವರಿದ ಮೇಲೆ ಅಕಾಲ ಮಳೆ ಬಂದು ಹೊಸ ಎಲೆಗೂ ಕಂಡರೆ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಸಿಂಪಡಿಸಿ, ಎಲೆಯ ಅಡಿಗೆ ತಗುಲುವಂತೆ. ಕಾಯಿ ಬಲಿಯತೊಡಗಿದ ಮೇಲೆ ಇದು ಬೇಡ.

ಬುಡದಲ್ಲಿ ಗರಗಸದ ಪುಡಿಯಂಥದ್ದು ಬಿದ್ದಿದ್ದರೆ ಕಾಂಡ ಕೊರಕ. ಅದರ ನೇರಕ್ಕೆ ಮೇಲೆ ರಂಧ್ರ ಹುಡುಕಿ, ಸೈಕಲ್ ಕಡ್ಡಿಯಂಥ ತಂತಿ ತೂರಿಸಿ ಹುಳುವನ್ನು ಚುಚ್ಚಿ ಕೊಂದು, ಮಣ್ಣಿನಿಂದ ರಂಧ್ರ ಮುಚ್ಚಿ. ವಾರದ ನಂತರ ಹೊಸ ಪುಡಿ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಹುಳು ಬದುಕಿದೆ.

ನೀರಿದ್ದೂ ಮಧ್ಯಾಹ್ನ ಗಿಡ ಬಾಡಿ, ವರ್ಷದಿಂದ ವರ್ಷಕ್ಕೆ ಚಿಗುರು ಗಿಡ್ಡವಾಗುತ್ತಿದ್ದರೆ ತೆಳು ಬೇರೊಂದನ್ನು ಅಗೆದು ನೋಡಿ. ಸಾಸಿವೆ, ಕಡಲೆ ಗಾತ್ರದ ಗಂಟುಗಳಿದ್ದರೆ ಜಂತುಹುಳು. ಪೂರ್ತಿ ಹೋಗಿಸಲು ಆಗುವುದಿಲ್ಲ. ಪ್ರತಿ ವರ್ಷದ ಬೇವಿನ ಹಿಂಡಿ, ಬುಡದ ಸುತ್ತ ಚೆಂಡುಹೂವಿನ ಗಿಡ, ಹೆಚ್ಚು ತಿಪ್ಪೆಗೊಬ್ಬರ — ಇವುಗಳಿಂದ ಗಿಡ ಅದರ ಜೊತೆಗೇ ಬಾಳುತ್ತದೆ. ಹಿಟ್ಟುತಿಗಣೆ, ಶಲ್ಕ ಕೀಟಕ್ಕೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ.

ಕೊಯ್ಲು

ಅಂಜೂರ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಕಾಯಿ ನೆಟ್ಟಗಿದ್ದರೆ ಇನ್ನೂ ಹೊತ್ತಿದೆ. ಕುತ್ತಿಗೆ ಬಾಗಿ ಜೋತುಬಿದ್ದು, ಒತ್ತಿದರೆ ಮೆತ್ತಗಾಗಿ, ತೊಟ್ಟಿನಲ್ಲಿ ಹಾಲು ಬಾರದಿದ್ದರೆ ಕೊಯ್ಯಿರಿ. ಬೆಳಗ್ಗೆ, ತೊಟ್ಟಿನ ಸಮೇತ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು. ಹೊರಗಿಟ್ಟರೆ ಒಂದೆರಡು ದಿನ, ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಬಾಳುತ್ತದೆ. ಗಿಡ ಏಳಡಿಯೊಳಗಿದ್ದರೆ ಒಂದೇ ಬಲೆಯಿಂದ ಇಡೀ ಗಿಡ ಮುಚ್ಚಬಹುದು, ಹದಿನೈದಡಿ ಗಿಡಕ್ಕೆ ಬಲೆ ಹಾಕುವುದು ಆಗದ ಮಾತು. ಬಲೆಯ ಅಂಚನ್ನು ನೆಲಕ್ಕೆ ಇಟ್ಟಿಗೆಯಿಟ್ಟು ಬಿಗಿಯಿರಿ, ಇಲ್ಲದಿದ್ದರೆ ಅಳಿಲು ಕೆಳಗಿಂದ ನುಸುಳುತ್ತದೆ.

ಈಗಾಗಲೇ ಹದಿನೈದಡಿ ಬೆಳೆದಿದ್ದರೆ

ಒಂದೇ ಸಲ ಮೂರಡಿಗೆ ಇಳಿಸಬೇಡಿ. ಹಾಗೆ ಮಾಡಿದರೆ ಬೇರಿನ ಬಲವೆಲ್ಲ ನುಗ್ಗಿ ಬೆರಳು ದಪ್ಪದ ಬಂಜೆ ಚಿಗುರುಗಳು ಪೊದೆಯಂತೆ ಏಳುತ್ತವೆ, ವರ್ಷಗಟ್ಟಲೆ ನೆರಳಲ್ಲಿದ್ದ ಕಾಂಡ ಬಿಸಿಲಿಗೆ ಬೇಯುತ್ತದೆ. ಮೂರು ಅಕ್ಟೋಬರ್‌ಗಳಿಗೆ ಹಂಚಿ. ಮೊದಲ ವರ್ಷ ನಡುವಿನ ನೆಟ್ಟನೆಯ ದಪ್ಪ ಕೊಂಬೆ, ಎರಡನೆಯ ವರ್ಷ ಉಳಿದವುಗಳಲ್ಲಿ ಎತ್ತರದ ಅರ್ಧ, ಮೂರನೆಯ ವರ್ಷ ಮಿಕ್ಕಿದ್ದು. ಒಂದೊಂದು ಸಲ ಕೆಳಗೆ ಹೊರಡುವ ಚಿಗುರುಗಳಲ್ಲಿ ಹೊರಮುಖದ ಎರಡು–ಮೂರನ್ನು ಮುಂದಿನ ತೋಳುಗಳೆಂದು ಉಳಿಸಿಕೊಳ್ಳಿ.

ತೂಕದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧ ಆಗುವಷ್ಟರಲ್ಲಿ ಕೊಂಬೆ ಬಾಗಿ, ಕಾಂಡದ ತೊಗಟೆಯನ್ನು ಕೆಳತನಕ ಸಿಗಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಪಾಲು ಕೊಯ್ಯಿರಿ. ಅದಕ್ಕಿಂತ ಎರಡು ಇಂಚು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ತೂಕ ಕಳಚಿ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ, ಕಾಂಡ ಸೇರುವಲ್ಲಿ ಕಾಣುವ ಉಬ್ಬಿದ ಬಳೆಯನ್ನು ಉಳಿಸಿ, ಅದರ ಹೊರಗೆ ತೆಗೆಯಿರಿ. ಗಾಯ ಮುಚ್ಚಿಕೊಳ್ಳುವುದು ಆ ಬಳೆಯಿಂದಲೇ, ಅದನ್ನು ಕೊಯ್ದರೆ ಆ ಜಾಗ ಒಳಕ್ಕೆ ಕೊಳೆಯುತ್ತ ಹೋಗುತ್ತದೆ. ಮುಲಾಮು ಹಚ್ಚಿ, ಕಾಂಡಕ್ಕೆಲ್ಲ ಸುಣ್ಣ ಬಳಿದು, ಆ ವರ್ಷ ಗೊಬ್ಬರವನ್ನು ಅರ್ಧಕ್ಕೆ ಇಳಿಸಿ.